ಎಣ್ಣೆ ಬೇರೆ, ಲೋಷನ್ ಬೇರೆ!

2017ರಲ್ಲಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟಿ ಬೋಳುತಲೆಯ ಕನ್ನಡ ಮೇಷ್ಟ್ರಾಗಿ ಬಂದಾಗ ನಕ್ಕವರಲ್ಲಿ ಎಷ್ಟೋ ಮಂದಿ ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆವು. ಇಪ್ಪತ್ತೆಂಟಕ್ಕೇ ಹಣೆ ಅಗಲವಾಗ್ತಾ ಇರೋ ನಾನೂ ಅವರಲ್ಲೊಬ್ಬ!

ಹೆಣ್ಣು ನೋಡೋಕೆ ಹೋಗೋ ಆತುರದಲ್ಲಿ ನಮ್ಮ ಹುಡುಗರು ಮಾಡೋದೇನು ಗೊತ್ತೆ? ತಲೆಗೆ ಮಿನಾಕ್ಸಿಡಿಲ್ ಲೋಷನ್, ಅದರ ಮೇಲೇ ಅಜ್ಜಿ ಕಾಯಿಸಿದ ಗರುಗದ ಸೊಪ್ಪಿನ ಎಣ್ಣೆ. ಡಬ್ಬಲ್ ಲಾಭ ಅಂತ ಲೆಕ್ಕ! ಆದರೆ ಲೋಷನ್ ಒಣಗಿದ ಬುಡಕ್ಕೆ ತಾಗಬೇಕು. ಜಿಡ್ಡಿದ್ದರೆ ಸರಿಯಾಗಿ ಇಳಿಯೋದಿಲ್ಲ. ಹಚ್ಚಿದ ಮೇಲೆ 4 ಗಂಟೆ ತಲೆ ತೊಳೆಯಬಾರದು. ಎಣ್ಣೆ ಬೇಕೇ? ವಾರಕ್ಕೊಮ್ಮೆ ಹಚ್ಚಿ, ಸ್ನಾನ ಮಾಡಿ, ತಲೆ ಒಣಗಿದ ಮೇಲೆ ಲೋಷನ್.

ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ತುರಿಕೆ ಬಂದರೆ ಕಳ್ಳ ಯಾರು ಅಂತ ಹಿಡಿಯೋದು ಹೇಗೆ? ಮೊದಲ ವಾರಗಳಲ್ಲಿ ಹೆಚ್ಚು ಉದುರಿದರೆ ಗಾಬರಿ ಬೇಡ. ಫಲ ಕಾಣೋಕೆ 4 ತಿಂಗಳಾದರೂ ಬೇಕು. ಬಿಟ್ಟರೆ ಬಂದ ಕೂದಲೂ ಹೋಗುತ್ತೆ. ಇದು ಮೊದಲು ಬಿ.ಪಿ. ಔಷಧಿ, ಸ್ವಾಮಿ! ಎದೆ ಡವಡವ ಅಂದರೆ, ತಲೆ ಸುತ್ತಿದರೆ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ.

ಫಿನಾಸ್ಟರೈಡ್ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ಬೇಡವೇ ಬೇಡ. ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತೆ, ಮನಸ್ಸು ಮಂಕಾಗುತ್ತೆ. ಹೆಸರಿಲ್ಲದ ಪೊಟ್ಟಣದ ಪುಡಿ, ಭಸ್ಮ ನುಂಗಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು.

ಆಯುರ್ವೇದ ವೈದ್ಯರಿಗೆ ಡಾಕ್ಟರ ಔಷಧಿ ಹೇಳಿ, ಡಾಕ್ಟರಿಗೆ ವೈದ್ಯರದ್ದು ಹೇಳಿ. ಮುಚ್ಚಿಟ್ಟರೆ ನಷ್ಟ ಅವರಿಗಲ್ಲ ಗುರುವೇ, ನಮ್ಮ ತಲೆಗೇ!