ಬಿಲ್ ಓದಿ, ಆಮೇಲೆ ದುಡ್ಡು ಕೊಡಿ

ಗೆಳೆಯನ ಹುಟ್ಟುಹಬ್ಬಕ್ಕೆ ಐವರು ಹೋಟೆಲ್‌ಗೆ ಹೋಗಿದ್ದೆವು. ಬಿಲ್‌ನಲ್ಲಿ ಜಿಎಸ್‌ಟಿ ಜತೆ ಶೇ 10 ಸೇವಾ ಶುಲ್ಕವೂ ಇತ್ತು. ಅದೂ ತೆರಿಗೆಯೇ ಇರಬೇಕೆಂದು ಸುಮ್ಮನೆ ಕೊಟ್ಟು ಬಂದೆವು. ಅದು ಹೋಟೆಲ್‌ಗೇ ಸೇರುವ ಹಣವೆಂದು ಆಮೇಲೆ ತಿಳಿಯಿತು.

ಸೇವಾ ಶುಲ್ಕವನ್ನು ಬಿಲ್‌ಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ರೆಸ್ಟೋರೆಂಟ್ ಸಂಘಗಳು ಕೋರ್ಟ್ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಸಂಘಗಳಿಗೆ ತಲಾ ₹1 ಲಕ್ಷ ದಂಡ ಹಾಕಿತು. ಅವು ಮೇಲ್ಮನವಿ ಸಲ್ಲಿಸಿವೆ.

ಶುಲ್ಕ ಸಿಬ್ಬಂದಿಗೆ ಹಂಚಿಕೆಯಾಗುತ್ತದೆ ಎಂಬುದು ಮಾಲೀಕರ ವಾದ. ಬಡಿಸುವವರಿಗೆ ನ್ಯಾಯವಾದ ಸಂಬಳ ಸಿಗಲೇಬೇಕು. ಆ ಖರ್ಚನ್ನು ಮೆನುವಿನ ದರದಲ್ಲೇ ತೋರಿಸಲಿ. ಟಿಪ್ಸ್ ನಮ್ಮ ಇಷ್ಟ. ಮುಂದಿನ ಸಲ ಬಿಲ್ ಓದಿ, ಶುಲ್ಕ ತೆಗೆಯಲು ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.