ಕಲ್ಲಿನ ಮೇಲಿನ ಆಪಾದನೆ

ದೇವನಹಳ್ಳಿ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕೋಟೆಗೆ, ದೇವಸ್ಥಾನಕ್ಕೆ, ಬಡವರ ಮನೆಯ ಚಾವಣಿಗೆ ಹೊದಿಸುವ ಚಪ್ಪಡಿಗೆ, ಎಲ್ಲಕ್ಕೂ ಕಲ್ಲೇ. ಇದೇ ಕಲ್ಲಿನ ಮೇಲೆ 1993ರ ಸೆಪ್ಟೆಂಬರ್ 30ರಂದು ಕೊಲೆಯ ಆಪಾದನೆ ಬಂತು.

ಅಂದು ನಸುಕಿನ 3.56ಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿತು. ಹಿಂದಿನ ರಾತ್ರಿ ಗಣೇಶನನ್ನು ನೀರಿಗೆ ಬಿಟ್ಟು ಬಂದ ಜನ ಗಾಢ ನಿದ್ದೆಯಲ್ಲಿದ್ದರು. ಸತ್ತವರು ಎಂಟು ಸಾವಿರದ ಸಮೀಪ. ನಮ್ಮ ಆಳಂದದಿಂದ ಉಮರ್ಗಾ ದಾಟಿದರೆ ಅದೇ ನೆಲ. ಆ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಾದ ಹಳ್ಳಿಗಳಿವೆ. ದಖ್ಖನ್ನಿನ ಕಲ್ಲುನೆಲ ಅಲುಗದು ಎಂಬ ನಂಬಿಕೆಯಿಂದ ಅಂದಿನ ಭೂಕಂಪ ನಕ್ಷೆ ಆ ಭಾಗವನ್ನು ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಿತ್ತು.

ಕೊಂದದ್ದು ಕಲ್ಲೇ? ದುಂಡುಕಲ್ಲನ್ನು ಬರೀ ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ, ಅದರ ಎರಡೂ ಮುಖವನ್ನು ಹಿಡಿದಿಡುವ ಉದ್ದಕಲ್ಲಿಲ್ಲ, ಮೇಲೆ ವರ್ಷವರ್ಷವೂ ಮಣ್ಣು ಹೇರಿಸಿಕೊಂಡ ಮಾಳಿಗೆ. ನೆಲ ಅಲುಗಿದೊಡನೆ ಗೋಡೆ ಎರಡಾಗಿ ಬಿಚ್ಚಿಕೊಂಡಿತು. ಬದುಕುಳಿದವರು ಮಾತ್ರ ಕಲ್ಲನ್ನೇ ದೂರಿದರು. ಮನೆಮಂದಿಯನ್ನು ಅದರಡಿಯಿಂದ ಎಳೆದವರಿಗೆ ಆ ದೂರು ತಪ್ಪೆನ್ನುವುದು ಹೇಗೆ?

ಮರುನಿರ್ಮಾಣಕ್ಕೆ ವಿಶ್ವಬ್ಯಾಂಕ್ ಸುಮಾರು 24.6 ಕೋಟಿ ಡಾಲರ್ ಕೊಟ್ಟಿತು. ಪತ್ರಿಕೆಗಳು ನೆರವು ಎಂದು ಬರೆದರೂ ಅದು ಬಡ್ಡಿ ಹಗುರಾದ ಸಾಲ. ಅದೊಂದೇ ಯೋಜನೆಯಲ್ಲಿ ಎರಡು ಬಗೆಯ ಕೆಲಸ ನಡೆಯಿತು. ತೀರ ನೆಲಸಮವಾದ 52 ಊರುಗಳನ್ನು ಬೇರೆಡೆಗೆ ಸಾಗಿಸಿ, ಗುತ್ತಿಗೆದಾರರಿಂದಲೂ ದಾನಿ ಸಂಸ್ಥೆಗಳಿಂದಲೂ ಕಟ್ಟಿಸಿದರು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತ್ತು: ಭೂಮಿಯಿಲ್ಲದವನಿಗೆ 250 ಚದರ ಅಡಿ, ನಡುವಿನವನಿಗೆ 400, ದೊಡ್ಡ ರೈತನಿಗೆ 750. ಭೂಕಂಪ ಒಂದು ರಾತ್ರಿ ಅಳಿಸಿದ ಅಂತಸ್ತನ್ನು ಸರ್ಕಾರ ಕಾಂಕ್ರೀಟಿನಲ್ಲಿ ಮರಳಿ ಬರೆಯಿತು ಎನ್ನದೆ ವಿಧಿಯಿಲ್ಲ. ನೇರ ಅಗಲ ರಸ್ತೆಗಳ ಹೊಸ ಊರು ಹಳೆಯದಕ್ಕಿಂತ ಎಷ್ಟೋ ಪಟ್ಟು ಹರಡಿಕೊಂಡಿತು. ಹೊಲ ದೂರ, ನೆರೆಮನೆ ದೂರ, ದನ ಕಟ್ಟಲು ಕೊಟ್ಟಿಗೆಯಿಲ್ಲ. ಊರು ಕಿತ್ತರೆ ಏನೇನು ಹೋಗುತ್ತದೆಂಬುದು ನಮ್ಮ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರಿಗೆ ಗೊತ್ತು. 13 ಹಳ್ಳಿಗಳ 1,777 ಎಕರೆಯನ್ನು ಭೂಸ್ವಾಧೀನದಿಂದ ಉಳಿಸಿಕೊಳ್ಳಲು ಅವರು ಮೂರು ವರ್ಷ ಧರಣಿ ಕೂತವರು.

ಇನ್ನೊಂದು ಕೆಲಸ ಸದ್ದಿಲ್ಲದೆ ಸಾಗಿತು. ಅಷ್ಟು ಹಾಳಾಗದ ಊರುಗಳಲ್ಲಿ ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಣ, ಸಾಮಗ್ರಿ, ಎಂಜಿನಿಯರ್ ಸಲಹೆ ಕೊಟ್ಟು, ಇದ್ದಲ್ಲೇ ಮನೆ ಭದ್ರಪಡಿಸಿಕೊಳ್ಳಲು ಬಿಟ್ಟರು. ಮೇಸ್ತ್ರಿ ಯಾರು, ಒಲೆ ಯಾವ ಮೂಲೆಗೆ ಎಂಬುದು ಮನೆಯವರ ಇಷ್ಟ. ನನಗೆ ಕಿಲ್ಲಾರಿಯ ನಿಜವಾದ ಗಳಿಕೆ ಇದೇ ಅನ್ನಿಸುತ್ತದೆ. 2001ರ ಭುಜ್ ಭೂಕಂಪದ ಬಳಿಕ ಗುಜರಾತ್ ಹಿಡಿದದ್ದು ಈ ಎರಡನೆಯ ದಾರಿಯನ್ನು: ಹಣ ಕಂತಿನಲ್ಲಿ ಯಜಮಾನನ ಖಾತೆಗೆ, ಒಂದು ಹಂತದ ಕೆಲಸ ಸರಿಯಾಗಿದ್ದರೆ ಮುಂದಿನ ಕಂತು.

2015ರಲ್ಲಿ ನೇಪಾಳ ಕುಸಿದಾಗ ಕೊಡುವ ಸರದಿ ನಮ್ಮದಾಯಿತು. ಗೋರ್ಖಾ, ನುವಾಕೋಟ್ ಜಿಲ್ಲೆಗಳ 50,000 ಮನೆಗಳಿಗೆ ಭಾರತದ ಹಣ ಹೋಯಿತು. ಕಟ್ಟಿಕೊಂಡವರು ಮನೆಯೊಡೆಯರೇ, ಅವರಲ್ಲಿ ಬಹಳ ಜನ ಬಿದ್ದ ಗೋಡೆಯ ಕಲ್ಲನ್ನೇ ಆರಿಸಿ, ಈ ಸಲ ನಡುನಡುವೆ ಅಡ್ಡಪಟ್ಟಿ ಕೊಟ್ಟು ಕಟ್ಟಿದರು.