ವಿಡಿಯೊ ಗೇಮ್ ಚಿತ್ರಕಲೆ: ಮಗ ಈ ದಾರಿ ಹಿಡಿಯುತ್ತೇನೆಂದರೆ ಮನೆಯವರು ಏನು ವಿಚಾರಿಸಬೇಕು?

ಕಳೆದ ತಿಂಗಳು ಪುಲಿಕೇಶಿನಗರದ ನನ್ನ ಅಂಗಡಿಗೆ ಪರಿಚಯದ ಶ್ರಾವಕರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. "ಅಣ್ಣ, ಇವನಿಗೆ ಸಿ.ಎ. ಬೇಡವಂತೆ. ವಿಡಿಯೊ ಗೇಮ್‌ಗೆ ಚಿತ್ರ ಬರೆಯುತ್ತಾನಂತೆ. ಜೂಜಿನ ಕೆಲಸಕ್ಕೆ ಮಗನನ್ನು ಕಳಿಸಲೇ? ನೀವಾದರೂ ಬುದ್ಧಿ ಹೇಳಿ" ಎಂದರು. ಹುಡುಗ ಲ್ಯಾಪ್‌ಟಾಪ್ ಅವುಚಿಕೊಂಡು ತಲೆ ತಗ್ಗಿಸಿ ನಿಂತಿದ್ದ.

ಸಮಾಜದ ಮಕ್ಕಳ ಪ್ರವೇಶ ಅರ್ಜಿ, ವಿದ್ಯಾರ್ಥಿವೇತನದ ಕಾಗದಪತ್ರ ನೋಡುವ ಸೇವೆ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಾನೇ ಓದಿದ್ದು ಪಿಯುಸಿ. ತಿಳಿಯದ ವಿಷಯಕ್ಕೆ ಬುದ್ಧಿ ಹೇಳುವುದು ಬೇಡವೆಂದು ಎರಡು ವಾರ ಅವಧಿ ಕೇಳಿದೆ. ವಿಚಾರಿಸಿ ತಿಳಿದದ್ದು ಬೇರೆ ಊರಿನ ಕುಟುಂಬಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜೂಜಿನ ಮಾತು. ಸಪ್ತವ್ಯಸನಗಳಲ್ಲಿ ಮೊದಲನೆಯದೇ ದ್ಯೂತ, ಹಾಗಾಗಿ ತಂದೆಯ ಹೆದರಿಕೆ ಸಹಜ. ಆದರೆ ಹಣ ಕಟ್ಟಿ ಆಡುವ ಆ್ಯಪ್ ಬೇರೆ, ವಿಡಿಯೊ ಗೇಮ್ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ಹಣದ ಪಣವಿಲ್ಲದ ಆಟಗಳಿಗೆ ಅದೇ ಕಾಯ್ದೆಯಲ್ಲಿ ಉತ್ತೇಜನವಿದೆ. ಹುಡುಗ ಕೇಳುತ್ತಿರುವುದು ಈ ಎರಡನೆಯದನ್ನು.

ಇದು ನಮ್ಮ ಊರಿಗೆ ಹೊಸ ಕಸುಬೂ ಅಲ್ಲ. 1997ರಲ್ಲೇ ರಾಜೇಶ್ ರಾವ್ ಎಂಬುವರು ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಗೇಮ್ ಕಂಪನಿ ತೆರೆದರು. ವಿದೇಶಿ ಕಂಪನಿಗಳ ಆಟಗಳಿಗೆ ಇಲ್ಲಿ ಕುಳಿತು ಚಿತ್ರ, ಮಾದರಿ ಮಾಡಿಕೊಡುವುದು ಅವರ ಮುಖ್ಯ ವ್ಯವಹಾರವಾಯಿತು. ಫೋರ್ಜಾ ಎಂಬ ಕಾರ್ ಓಟದ ಆಟದ ಕಾರುಗಳ ಕೆಲಸವೂ ಇಲ್ಲಿ ನಡೆದಿದೆ. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸುಮಾರು 79 ಲಕ್ಷ ಡಾಲರ್‌ಗೆ ಇದನ್ನು ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು ದೇಶದಲ್ಲಿ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ನಡೆಯುತ್ತಿರುವುದು 2024-29ರ ಮೂರನೆಯ ನೀತಿ. ತರಬೇತಿಗೂ ಹೊಸ ಕಂಪನಿಗಳಿಗೂ ನೆರವಾಗುವ ಉತ್ಕೃಷ್ಟತಾ ಕೇಂದ್ರ ನಮ್ಮ ಪೂರ್ವ ಭಾಗದ ಮಹದೇವಪುರದಲ್ಲೇ ಇದೆ.

ಕೆಲಸ ಎಂಥದ್ದು? ಇದನ್ನು ಹುಡುಗನೇ ನನಗೆ ವಿವರಿಸಿದ. ಒಬ್ಬ ಕಾಗದದ ಮೇಲೆ ಕಲ್ಪನೆ ಬರೆಯುತ್ತಾನೆ. ಇನ್ನೊಬ್ಬ ಅದನ್ನು ಕಂಪ್ಯೂಟರಿನಲ್ಲಿ ನಾಲ್ಕೂ ಕಡೆಯಿಂದ ಕಾಣುವ ಮೂರ್ತಿಯಾಗಿ ಕಡೆಯುತ್ತಾನೆ. ಮತ್ತೊಬ್ಬ ಕಲ್ಲಿಗೆ ಕಲ್ಲಿನ, ಮರಕ್ಕೆ ಮರದ ಮೈ ಹಚ್ಚುತ್ತಾನೆ. ಇನ್ನೊಬ್ಬ ಮೂಳೆ ಜೋಡಿಸಿ ಕೈಕಾಲು ಆಡಿಸುತ್ತಾನೆ. ಅವನು ತೋರಿಸಿದ್ದು ಒಂದು ಮಾನಸ್ತಂಭ, ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿದ್ದು. ಬುಡದ ಪಾವಟಿಗೆಗಳ ಸವೆತವನ್ನೂ ಬಿಟ್ಟಿರಲಿಲ್ಲ. ತಂದೆ ಅದನ್ನು ನೋಡಿದ್ದೂ ಅಂದೇ ಮೊದಲು.

ಈ ಕಸುಬಿನಲ್ಲಿ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ಹೆಚ್ಚು ಮಾತನಾಡುತ್ತದೆ. ನಾವು ಸರಕು ನೋಡಿ ದರ ಕಟ್ಟುವಂತೆಯೇ. ಆದರೂ ಪದವಿ ಬೇಕು ಎಂಬುದೇ ನನ್ನ ಅಭಿಪ್ರಾಯ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಚಿತ್ರಕಲಾ ಪರಿಷತ್ತಿನಂಥ ಕಾಲೇಜಿನಲ್ಲಿ ಬಿ.ವಿ.ಎ. ಸೇರಬಹುದು. ವಿನ್ಯಾಸ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಇದೆ. ಮುಂದೆ ಸ್ನಾತಕೋತ್ತರಕ್ಕೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಗೇಮ್ ವಿನ್ಯಾಸ ವಿಭಾಗವೇ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರುವವರಿಗೆ. ಅದನ್ನು ನಂಬಿ ಖಾಸಗಿ ಡಿಪ್ಲೊಮಾಗೆ ಮುಂಗಡ ಕಟ್ಟಬೇಡಿ.

ಈ ಎಚ್ಚರಿಕೆಗೆ ಕಾರಣವಿದೆ. ನನ್ನ ತಂಗಿಯ ಮಗ ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ತರಬೇತಿ ಸಂಸ್ಥೆಗೆ ಲಕ್ಷಗಟ್ಟಲೆ ಶುಲ್ಕ ಕಟ್ಟಿದ. ‘ನೂರಕ್ಕೆ ನೂರು ಉದ್ಯೋಗ’ ಎಂದಿದ್ದರು. ವರ್ಷದೊಳಗೆ ಮೂವರು ಮೇಷ್ಟ್ರು ಬದಲಾದರು, ಕೊನೆಗೆ ಸಿಕ್ಕಿದ್ದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಸೇರುವ ಮೊದಲು ಅಲ್ಲಿ ಕಲಿತ ನಾಲ್ಕು ಜನರನ್ನು ಹುಡುಕಿ ಮಾತನಾಡಿಸಿದ್ದರೆ ಸಾಕಿತ್ತು. ನಾವು ವ್ಯಾಪಾರಿಗಳು ಹತ್ತು ಸಾವಿರದ ಉದ್ದರಿ ಕೊಡುವಾಗಲೂ ನಾಲ್ಕು ಕಡೆ ವಿಚಾರಿಸುತ್ತೇವೆ!

ಒಳ್ಳೆಯ ಕಂಪನಿ ಸೇರಿದರೂ ನೌಕರಿ ಭದ್ರ ಎನ್ನಲಾಗದು. ಸಿನಿಮಾ ಗ್ರಾಫಿಕ್ಸ್‌ಗೆ ಹೆಸರಾಗಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಏಕಾಏಕಿ ಕುಸಿಯಿತು. ಬೆಂಗಳೂರಿನ ಅದರ ಕಲಾವಿದರೂ ದಿಢೀರನೆ ಕೆಲಸ ಕಳೆದುಕೊಂಡರು. ಹೊರದೇಶದ ಗಿರಾಕಿಯನ್ನು ನಂಬಿದ ವ್ಯವಹಾರದ ಗುಣ ಇದು. ಚಿತ್ರ ಬರೆಯುವ ಎಐ ಬಂದಮೇಲೆ ಹೊಸಬರ ಸಣ್ಣಪುಟ್ಟ ಕೆಲಸಗಳಿಗೂ ಕುತ್ತು ಬರುತ್ತಿದೆ.

ಇಷ್ಟೆಲ್ಲ ಲೆಕ್ಕದ ಮಾತು. ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಧ್ರುವವನ್ನು ಕೊಂಡ ರಾಕ್‌ಸ್ಟಾರ್‌ನ ಪ್ರಸಿದ್ಧ ಆಟ ಗ್ರ್ಯಾಂಡ್ ಥೆಫ್ಟ್ ಆಟೊ. ಅದರಲ್ಲಿ ಕಳ್ಳತನ, ಗುಂಡಿನ ದಾಳಿ, ಕೊಲೆ ಎಲ್ಲವೂ ಇವೆ. ‘ಪರದೆಯ ಮೇಲೆ ಸಾಯುವುದು ಜೀವವಲ್ಲವಲ್ಲ’ ಎಂದು ಕೆಲವರು ಹೇಳಬಹುದು. ಜನ್ನನ ಯಶೋಧರ ಚರಿತೆ ಓದಿದವರು, ಬಸದಿಯಲ್ಲಿ ಆ ಕಥೆ ಕೇಳಿದವರು ಹಾಗೆ ಸುಲಭವಾಗಿ ಹೇಳಲಾರರು. ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪ ಹಿಂಸೆಯದಾಗಿದ್ದರಿಂದ ತಾಯಿಮಗ ಭವಭವಗಳಲ್ಲಿ ಬೆಂದರು. ಆ ಕೋಳಿಯನ್ನು ಮಾಡಿದ್ದೂ ಒಬ್ಬ ಕಲೆಗಾರನ ಕೈಯೇ ಅಲ್ಲವೇ? ಅನರ್ಥದಂಡದಲ್ಲಿ ಸಮಂತಭದ್ರಾಚಾರ್ಯರು ಮನಸ್ಸು ಕೆಡಿಸುವ ಕಥೆ ಕೇಳುವುದನ್ನೂ ‘ದುಃಶ್ರುತಿ’ ಎಂದು ಸೇರಿಸಿದ್ದಾರೆ.

ಹಾಗೆಂದು ಆಟವೆಲ್ಲ ಹಿಂಸೆಯೂ ಅಲ್ಲ. ಪಶ್ಚಿಮ ಭಾರತದ ಜೈನರು ಕರ್ಮ, ಪುಣ್ಯ, ಮೋಕ್ಷವನ್ನು ಮನೆಮನೆಯಾಗಿ ಬರೆದ ಜ್ಞಾನ ಚೌಪಡ್ ಪಟಗಳನ್ನು ಆಡುತ್ತಿದ್ದರು. ನಾವು ಮಕ್ಕಳಿಗೆ ಕೊಡಿಸುವ ಹಾವು-ಏಣಿ ಆಟ ಈ ಬಳಗದ್ದೇ. ಕಾರ್ ಓಟ, ಒಗಟು, ಕಟ್ಟಡ ಕಟ್ಟುವ ಆಟಗಳಿಗೂ ಕಲಾವಿದರು ಬೇಕು. ಆದರೆ ಹೊಸ ನೌಕರನಿಗೆ ಯಾವ ಆಟದ ಕೆಲಸ ಬರುತ್ತದೆ ಎಂದು ಆರಿಸುವ ಸ್ವಾತಂತ್ರ್ಯ ಕಡಿಮೆ. ಇದನ್ನು ಮುಚ್ಚಿಟ್ಟು ಸಲಹೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಎರಡು ವಾರ ಬಿಟ್ಟು ತಂದೆ-ಮಗ ಬಂದಾಗ ಹಿಟ್ಟಿನ ಕೋಳಿಯ ಪ್ರಶ್ನೆಯನ್ನು ಹುಡುಗನ ಮುಂದೆಯೇ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ, ನಾನು ಮನೆ, ಮರ, ಬೀದಿ ಮಾಡುವ ವಿಭಾಗಕ್ಕೇ ಹೋಗುತ್ತೇನೆ. ಆದರೆ ಆ ಬೀದಿಯಲ್ಲಿ ಅವರು ಗುಂಡು ಹಾರಿಸಿದರೆ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ತಂದೆ ಬಿ.ವಿ.ಎ. ಅರ್ಜಿಗೆ ಒಪ್ಪಿದ್ದಾರೆ, ಜೊತೆಗೆ ಬಿ.ಕಾಂ. ಅರ್ಜಿಯೂ ಹಾಕಬೇಕೆಂಬ ಷರತ್ತಿನ ಮೇಲೆ. ಹುಡುಗನ ಪ್ರಶ್ನೆಯನ್ನು ಮುಂದೆ ಮುನಿಗಳ ದರ್ಶನವಾದಾಗ ಅವರಲ್ಲೇ ಕೇಳುವುದೆಂದು ಮೂವರೂ ಮಾತಾಡಿಕೊಂಡಿದ್ದೇವೆ.